ಎಲೆಯ ಗಂಧ, ಎರೆಯ ಹೊಲ

ಸಿಂಧನೂರು ಸೀಮೆಯ ಗೊರೇಬಾಳದ ಸುತ್ತಣ ಎರೆಭೂಮಿಯಲ್ಲಿ ಇಂದು ದೃಷ್ಟಿ ಹರಿಯುವಷ್ಟು ದೂರವೂ ಹಬ್ಬಿದ ನೆಲ್ಲಿನ ಗದ್ದೆಗಳನ್ನು ಕಂಡವರಿಗೆ, ತುಂಗಭದ್ರೆಯ ಎಡದಂಡೆ ಕಾಲುವೆ ಬರುವುದಕ್ಕೆ ಮೊದಲು ಇದು ಬಿಳಿಜೋಳ, ಹತ್ತಿ, ಕಡಲೆ, ಕುಸುಬೆಗಳ ಒಣಬೇಸಾಯದ ನಾಡಾಗಿತ್ತೆಂಬುದು ಸುಲಭವಾಗಿ ನಂಬಿಕೆಗೆ ಬಾರದು. ಜೋಳದ ನಡುವೆ ಕುಸುಬೆಯನ್ನೋ ಕಡಲೆಯನ್ನೋ ಅಕ್ಕಡಿ ಸಾಲಾಗಿ ಬಿತ್ತುತ್ತಿದ್ದ ಆ ಕಾಲದ ಒಕ್ಕಲುಮಕ್ಕಳು ಮಳೆ ಕೈಕೊಟ್ಟರೆ ಒಂದಾದರೂ ಉಳಿದೀತೆಂಬ ಲೆಕ್ಕದಿಂದ ಹಾಗೆ ಮಾಡುತ್ತಿದ್ದರಾದರೂ, ಎಲೆಯ ಗಂಧವನ್ನು ಹಿಡಿದು ತನ್ನ ಆಹಾರವನ್ನರಸುವ ಕೀಟಕ್ಕೆ ಹಲವು ಗಂಧಗಳ ಸಂಮಿಶ್ರಣದಿಂದ ದಿಗ್ಭ್ರಮೆಯಾಗುವ ಲಾಭವೂ ಅವರಿಗೆ ಅಯಾಚಿತವಾಗಿ ಒದಗಿರಬೇಕು.

ಕಾಳನ್ನು ಕೂಡಿಡುವಲ್ಲಿಯಾದರೋ ಎಲೆಯ ಬಳಕೆ ಬುದ್ಧಿಪೂರ್ವಕವಾದುದೇ. ಮನೆಯ ವಾಡೆಗಳಲ್ಲಿ ಕಾಳಿನ ನಡುನಡುವೆ ಬೇವಿನ ತಪ್ಪಲನ್ನೋ ಲಕ್ಕಿಯ ತಪ್ಪಲನ್ನೋ ಒಣಗಿಸಿ ಹರಡಿದರೆ ನುಸಿ ಹತ್ತದೆಂಬುದು ಉತ್ತರ ಕರ್ನಾಟಕದ ಹೆಂಗಸರೆಲ್ಲರೂ ಬಲ್ಲ ಸಂಗತಿ. ನೆಲದೊಳಗಣ ಹಗೇವಿಗೆ ಈ ಉಪಚಾರ ಅಷ್ಟಾಗಿ ಬೇಕಿರಲಿಲ್ಲ. ಬಾಯಿ ಮುಚ್ಚಿದ ಹಗೇವಿನಲ್ಲಿ ಕಾಳಿನ ಉಸಿರಾಟವೇ ಪ್ರಾಣವಾಯುವನ್ನು ಕುಂದಿಸಿ ಹುಳುಗಳನ್ನು ಕೊಲ್ಲುತ್ತಿತ್ತು, ತೆರೆದೊಡನೆ ಇಳಿದ ಮನುಷ್ಯನನ್ನೂ ಬಿಡುತ್ತಿರಲಿಲ್ಲ. ಇನ್ನು ಬೇವಿನ ಮಹಿಮೆಯನ್ನೆಲ್ಲ ಅದರ ವಾಸನೆಗೇ ಆರೋಪಿಸುವುದು ಸರಿಯಲ್ಲ. 1962ರಲ್ಲಿ ದೆಹಲಿಯಲ್ಲಿ ಎಸ್. ಪ್ರಧಾನ್ ಮತ್ತು ಸಂಗಡಿಗರು ಬೇವಿನ ಬೀಜದ ತಿರುಳನ್ನು ನೀರಿನಲ್ಲಿ ಕದಡಿ ಬೆಳೆಗೆ ಸಿಂಪಡಿಸಿದಾಗ ಮಿಡತೆಗಳು ಬಂದು ಕುಳಿತುವು, ತಿನ್ನಲಿಲ್ಲ. ಅಲ್ಲಿ ಕಾವಲಿಗೆ ನಿಂತುದು ಗಂಧಕ್ಕಿಂತ ಹೆಚ್ಚಾಗಿ ರುಚಿ.

ಒಂದು ಜೀವಿಯನ್ನು ಓಡಿಸುವ ದ್ರವ್ಯ ಇನ್ನೊಂದಕ್ಕೆ ಆಮಂತ್ರಣವಾಗುವುದೂ ಉಂಟು. ಸಾಸಿವೆಯ ಜಾತಿಯ ಸಸ್ಯಗಳಿಗೆ ಖಾರವನ್ನು ಕೊಡುವ ದ್ರವ್ಯವೇ ಕೋಸಿನ ಬಿಳಿ ಚಿಟ್ಟೆಯ ಮರಿಹುಳುಗಳನ್ನು ಸೆಳೆಯುತ್ತದೆಂದು ಡಚ್ ವಿಜ್ಞಾನಿ ವರ್ಷಾಫೆಲ್ಟ್ 1910ರಲ್ಲಿಯೇ ತೋರಿಸಿಕೊಟ್ಟಿದ್ದನು.

ಇನ್ನು ನಮ್ಮ ಎರೆಭೂಮಿಯ ಮಾತಿಗೆ ಮರಳಿದರೆ, 1945ರಲ್ಲಿ ಶಂಕುಸ್ಥಾಪನೆಯಾದ ತುಂಗಭದ್ರಾ ಜಲಾಶಯದಿಂದ 1953ರಲ್ಲಿ ನೀರು ಹರಿಯತೊಡಗಿತು; ಆಗ ಈ ನಾಡು ಹೈದರಾಬಾದ್ ರಾಜ್ಯಕ್ಕೆ ಸೇರಿದ್ದಿತು. ನೀರನ್ನರಸಿ ಆಂಧ್ರದ ಕರಾವಳಿಯ ರೈತರು ಬಂದರು, ಕ್ಯಾಂಪುಗಳೆಂಬ ಅವರ ವಸತಿಗಳೆದ್ದುವು, ವರ್ಷಕ್ಕೆರಡು ಬಾರಿ ಒಂದೇ ಪೈರು ಬೆಳೆದು ಸೀಮೆಗೆಲ್ಲ ಒಂದೇ ಗಂಧವಾಯಿತು. ಆ ಗಂಧವಾದರೂ ಸರಳವಾದುದಲ್ಲ: ಚೀನದ ಸಂಶೋಧಕರು 2012ರಲ್ಲಿ ಪ್ರಕಟಿಸಿದಂತೆ, ನೆಲ್ಲಿನ ಎಲೆ ಸೂಸುವ ಲಿನಲೂಲ್ ಎಂಬುದು ಕಂದು ಜಿಗಿಹುಳವನ್ನು ದೂರವಿರಿಸಿ ಅದರ ಶತ್ರುಗಳನ್ನು ಕರೆಯುತ್ತದೆ, ಕ್ಯಾರಿಯೋಫಿಲೀನ್ ಎಂಬುದು ಹುಳವನ್ನೂ ಅದರ ಮೊಟ್ಟೆಗೆ ಹಗೆಯಾದ ಸಣ್ಣ ಕಣಜವನ್ನೂ ಒಟ್ಟಿಗೆ ಕರೆಯುತ್ತದೆ. ಕರೆಗೆ ಓಗೊಟ್ಟು ಬಂದ ಮಿತ್ರಕೀಟಗಳನ್ನೂ ಜೇಡಗಳನ್ನೂ ನಮ್ಮ ಔಷಧಿಯೇ ಕೊಂದುಹಾಕಿದರೆ ಪೈರಿನ ಮೊರೆ ವ್ಯರ್ಥ.

ಚೀನ, ವಿಯೆಟ್ನಾಂ, ಥಾಯ್ಲೆಂಡುಗಳಲ್ಲಿ ಗದ್ದೆಯ ಬದುಗಳ ಮೇಲೆ ಎಳ್ಳೇ ಮೊದಲಾದ ಮಕರಂದದ ಗಿಡಗಳನ್ನು ಬೆಳೆದು ಆ ಮಿತ್ರರಿಗೆ ಆಹಾರವಿತ್ತಾಗ ಔಷಧಿಯ ಸಿಂಪಡಣೆ ಶೇಕಡಾ 70ರಷ್ಟು ತಗ್ಗಿ, ಇಳುವರಿ ಶೇಕಡಾ 5ರಷ್ಟು ಏರಿತೆಂದು 2016ರಲ್ಲಿ ವರದಿಯಾಯಿತು. ಎಳ್ಳು ನಮ್ಮ ಎರೆಗೆ ಅಪರಿಚಿತವೇನಲ್ಲ. ಗೊರೇಬಾಳದ ರೈತಬಾಂಧವರು ಒಂದು ಹಂಗಾಮಿನ ಮಟ್ಟಿಗಾದರೂ ಬದುವನ್ನು ಅದಕ್ಕೆ ಬಿಟ್ಟುಕೊಟ್ಟು ನೋಡಬೇಕು.