ಪವಾಡ ಯಾವುದಕ್ಕೆ ಪ್ರಮಾಣ? ಸಮಂತಭದ್ರರಿಂದ ಎಚ್. ನರಸಿಂಹಯ್ಯನವರವರೆಗೆ

ಜೈನ ತಾರ್ಕಿಕ ಸಮಂತಭದ್ರಾಚಾರ್ಯರ 'ಆಪ್ತಮೀಮಾಂಸೆ' 114 ಕಾರಿಕೆಗಳ ಸಂಸ್ಕೃತ ಸ್ತೋತ್ರ. ಮೊದಲ ಪದದಿಂದಾಗಿ ಅದಕ್ಕೆ 'ದೇವಾಗಮ ಸ್ತೋತ್ರ' ಎಂಬ ಹೆಸರೂ ಇದೆ. ಸ್ತೋತ್ರವೆಂದ ಮೇಲೆ ಸ್ತುತ್ಯನ ಮಹಿಮೆಯನ್ನು ಹಾಡಬೇಕಲ್ಲವೇ? ಸಮಂತಭದ್ರರು ಹಾಗೆ ಮಾಡುವುದಿಲ್ಲ. ಜಿನನ ಬಳಿಗೆ ದೇವತೆಗಳು ಇಳಿದು ಬರುವುದು, ಅವನು ಆಕಾಶದಲ್ಲಿ ಸಂಚರಿಸುವುದು, ಅವನಿಗೆ ಚಾಮರಸೇವೆ ನಡೆಯುವುದು ಇವನ್ನೆಲ್ಲ ಮೊದಲ ಕಾರಿಕೆಯಲ್ಲೇ ಹೆಸರಿಸುತ್ತಾರೆ. ಇಂಥ ವೈಭವ ಇಂದ್ರಜಾಲ ಬಲ್ಲವರಲ್ಲೂ ಕಾಣಸಿಗುವುದರಿಂದ ತಮ್ಮ ಗೌರವಕ್ಕೆ ಇದು ಕಾರಣವಲ್ಲ ಎಂದು ಜಿನನನ್ನೇ ಎದುರಿಗಿಟ್ಟುಕೊಂಡು ಹೇಳಿಬಿಡುತ್ತಾರೆ.

ಪವಾಡದ ಬಗೆಗಿನ ಸಂಶಯ ಪಶ್ಚಿಮದಿಂದ, ವಿಜ್ಞಾನದ ಜೊತೆಗೆ ನಮ್ಮಲ್ಲಿಗೆ ಬಂದಿತೆಂಬ ಗ್ರಹಿಕೆ ಸಾಮಾನ್ಯವಾಗಿದೆ. ಪವಾಡವನ್ನು ನಂಬುವವರೂ ಅಲ್ಲಗಳೆಯುವವರೂ ಇದನ್ನು ಒಪ್ಪಿಕೊಂಡೇ ವಾದಿಸುತ್ತಾರೆ. ಈ ಗ್ರಹಿಕೆ ತಪ್ಪೆಂದು ತೋರಿಸುವುದು ಈ ಲೇಖನದ ಮೊದಲ ಉದ್ದೇಶ. ಅದಕ್ಕಿಂತ ಮುಖ್ಯವಾದ ಇನ್ನೊಂದಿದೆ. ಪವಾಡದ ಮುಂದೆ ನಿಂತಾಗ ಏಳುವ ಪ್ರಶ್ನೆಗಳು ಎರಡು: ಅದು ನಿಜವಾಗಿ ನಡೆಯಿತೇ? ನಡೆದಿದ್ದರೆ ಅದರಿಂದ ಏನು ಸಿದ್ಧವಾಯಿತು? ನಮ್ಮ ಕಾಲದ ಚರ್ಚೆ ಬಹುಮಟ್ಟಿಗೆ ಮೊದಲನೆಯದರಲ್ಲೇ ಸಿಕ್ಕಿಕೊಂಡಿದೆ. ಹಿಂದಿನವರಲ್ಲಿ ಅತ್ಯಂತ ಹರಿತವಾಗಿ ಯೋಚಿಸಿದವರು ಕೇಳಿದ್ದು ಎರಡನೆಯದನ್ನು.

ಸಮಂತಭದ್ರರ ಮುಂದಿನ ಕಾರಿಕೆಗಳು ಇದೇ ದಾರಿಯಲ್ಲಿ ಸಾಗುತ್ತವೆ. ದೇಹದ ಅತಿಶಯಗಳು ರಾಗದ್ವೇಷವಿರುವ ಸ್ವರ್ಗವಾಸಿಗಳಿಗೂ ಉಂಟು, ಆದ್ದರಿಂದ ಅವೂ ಗುರುತಾಗಲಾರವು. ಮತಸ್ಥಾಪಕನಾಗಿರುವುದೂ ಸಾಲದು, ಏಕೆಂದರೆ ಸ್ಥಾಪಕರ ಸಿದ್ಧಾಂತಗಳು ಒಂದಕ್ಕೊಂದು ವಿರುದ್ಧವಾಗಿವೆ, ಎಲ್ಲರೂ ಆಪ್ತರಾಗಿರಲು, ಅಂದರೆ ನಂಬತಕ್ಕವರಾಗಿರಲು, ಸಾಧ್ಯವಿಲ್ಲ. ಕೊನೆಗೆ ಉಳಿಯುವ ಅಳತೆ ಒಂದೇ. ಯಾರ ಮಾತು ಯುಕ್ತಿಗೂ ಶಾಸ್ತ್ರಕ್ಕೂ ವಿರೋಧವಿಲ್ಲದೆ ನಿಲ್ಲುತ್ತದೋ ಅವನೇ ನಂಬತಕ್ಕವನು. ಜಿನನು ಆ ಪರೀಕ್ಷೆಯಲ್ಲಿ ಗೆಲ್ಲುತ್ತಾನೆ ಎಂಬುದು ಅವರ ತೀರ್ಮಾನ. ಅದನ್ನು ಒಪ್ಪದವರಿಗೂ ಅವರು ನಡೆದ ದಾರಿ ಮುಖ್ಯವಾಗಬೇಕು. ಇಲ್ಲಿ ಪವಾಡವನ್ನು ಸುಳ್ಳೆನ್ನುವ ಪ್ರಯತ್ನವೇ ಇಲ್ಲ. ದೇವತೆಗಳು ಬಂದರೆಂದೇ ಇಟ್ಟುಕೊಳ್ಳೋಣ, ಆದರೂ ಅದು ಸಾಕ್ಷಿಯಾಗದು ಎಂಬುದು ವಾದ.

ಎಂಟನೆಯ ಶತಮಾನದ ಅಕಲಂಕರು ಈ ಕೃತಿಗೆ 'ಅಷ್ಟಶತಿ' ಎಂಬ ವ್ಯಾಖ್ಯಾನ ಬರೆದರು. ಅದನ್ನು ಒಳಗೊಂಡು ವಿದ್ಯಾನಂದರ 'ಅಷ್ಟಸಹಸ್ರೀ' ಬೆಳೆಯಿತು. ಮೊದಲ ಕಾರಿಕೆಗೆ ಬರೆದ ವಿವರಣೆಯಲ್ಲಿ ಅಕಲಂಕರು ಜನರನ್ನು ಎರಡು ಬಗೆಯಾಗಿ ಕಾಣುತ್ತಾರೆ. ಆಜ್ಞೆಗೆ ಪ್ರಾಧಾನ್ಯ ಕೊಡುವವರು ದೇವತೆಗಳ ಆಗಮನವನ್ನು ಪರಮಾತ್ಮನ ಚಿಹ್ನೆಯೆಂದು ಒಪ್ಪಿಯಾರು, ನಮ್ಮಂಥವರು ಒಪ್ಪಲಾರೆವು ಎನ್ನುತ್ತಾರೆ. ನಮ್ಮಂಥವರು ಅಂದರೆ ಪರೀಕ್ಷಿಸುವವರು. ಭಕ್ತಿಯ ಒಳಗೇ ನಿಂತು ಪರೀಕ್ಷೆಗೆ ಕೊಟ್ಟ ಈ ಸ್ಥಾನ ಕನ್ನಡನಾಡಿನ ಬೌದ್ಧಿಕ ಚರಿತ್ರೆಯಲ್ಲಿ ಬಹಳ ದೊಡ್ಡದೆಂದು ನನ್ನ ಎಣಿಕೆ. ನಮ್ಮ ಪಠ್ಯಪುಸ್ತಕಗಳು ಇದಕ್ಕೆ ಇನ್ನೂ ಹೆಚ್ಚಿನ ಜಾಗ ಕೊಡಬೇಕು.

ಈ ವಾದದ ಬೇರು ಶ್ರಮಣ ಪರಂಪರೆಯಲ್ಲಿ ಆಳಕ್ಕಿದೆ. ದೀಘನಿಕಾಯದ ಕೇವಟ್ಟ ಸುತ್ತದಲ್ಲಿ ನಾಲಂದೆಯ ಗೃಹಸ್ಥನೊಬ್ಬ ಬುದ್ಧನನ್ನು ಒತ್ತಾಯಿಸುತ್ತಾನೆ: ಭಿಕ್ಷುವೊಬ್ಬನಿಂದ ಪವಾಡ ಮಾಡಿಸಿದರೆ ಊರಿಗೆ ಊರೇ ನಿಮ್ಮನ್ನು ನಂಬುತ್ತದೆ. ಬುದ್ಧ ಒಪ್ಪುವುದಿಲ್ಲ. ನಂಬಿಕೆಯಿಲ್ಲದವನು ಅದನ್ನು ನೋಡಿ, ಇದು ಗಾಂಧಾರಿ ವಿದ್ಯೆಯ ಬಲದಿಂದ ಆದದ್ದು ಅಂದರೆ ಏನು ಮಾಡುವುದು ಎಂದು ಮರುಪ್ರಶ್ನೆ ಹಾಕುತ್ತಾನೆ. ಅವನ ಪ್ರಕಾರ ಉಪದೇಶವೇ ಪವಾಡ. ವಿನಯಪಿಟಕದಲ್ಲಿ ಪಿಂಡೋಲ ಭಾರದ್ವಾಜ ಶ್ರೀಗಂಧದ ಪಾತ್ರೆಯೊಂದಕ್ಕಾಗಿ ಗಾಳಿಯಲ್ಲಿ ಏರಿದ್ದಕ್ಕೆ ಬುದ್ಧ ಕಟುವಾಗಿ ಗದರಿ, ಗೃಹಸ್ಥರ ಮುಂದೆ ಋದ್ಧಿಪ್ರದರ್ಶನವನ್ನೇ ನಿಷೇಧಿಸಿದ್ದು ಪ್ರಸಿದ್ಧ. ವೈದಿಕರ ಕಡೆಯಿಂದ ಕುಮಾರಿಲಭಟ್ಟ ಯೋಗಿಗಳ ಅತೀಂದ್ರಿಯ ದರ್ಶನವನ್ನೇ ಒಪ್ಪಲಿಲ್ಲ. ಈಗ ಯಾರಲ್ಲೂ ಕಾಣದ ಶಕ್ತಿ ಹಿಂದೆ ಇತ್ತೆನ್ನಲು ಆಧಾರವೇನು ಎಂಬ ಧಾಟಿ ಅವನದು. ಪತಂಜಲಿ ಸಿದ್ಧಿಗಳನ್ನು ಒಪ್ಪಿದರೂ ಸಮಾಧಿಗೆ ಅವು ಅಡ್ಡಿ ಎಂದುಬಿಟ್ಟ.

ಇಷ್ಟಾದರೂ ಪವಾಡದ ಕಥೆಗಳು ನಿಲ್ಲಲಿಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಪಾರ್ಶ್ವನಾಥ ಬಸದಿಯಲ್ಲಿರುವ 1129ರ ಮಲ್ಲಿಷೇಣ ಪ್ರಶಸ್ತಿಯಲ್ಲಿ ಇದೇ ಸಮಂತಭದ್ರರ ವರ್ಣನೆ ಬರುತ್ತದೆ. ಅಲ್ಲಿ ಅವರು ಹಸಿವು ಇಂಗದ ಭಸ್ಮಕ ರೋಗವನ್ನು ಭಸ್ಮ ಮಾಡಿದವರು, ಪದ್ಮಾವತಿಯ ಅನುಗ್ರಹ ಪಡೆದವರು, ಮಂತ್ರವಚನದಿಂದ ಚಂದ್ರಪ್ರಭ ಜಿನಬಿಂಬವನ್ನು ಹೊರತಂದವರು. ಅರಸ ಶಿವಕೋಟಿಯ ಎದುರು ಅವರು ಸ್ತುತಿಸುತ್ತಿದ್ದಂತೆ ಲಿಂಗ ಬಿರಿದು ಬಿಂಬ ಮೂಡಿತೆಂಬ ಈ ಕಥೆ ಒಂದು ಕಡೆ ಕಾಶಿಯಲ್ಲಿ, ಇನ್ನೊಂದು ಕಡೆ ಕಂಚಿಯಲ್ಲಿ ನಡೆಯುತ್ತದೆ. ಹತ್ತೊಂಬತ್ತನೆಯ ಶತಮಾನದ ದೇವಚಂದ್ರನ 'ರಾಜಾವಳಿ ಕಥೆ'ಯವರೆಗೂ ಅದು ಹರಿದುಬಂದಿದೆ. ಅದೇ ಮಲ್ಲಿಷೇಣ ಪ್ರಶಸ್ತಿ ಅಕಲಂಕರನ್ನು, ಮಡಕೆಯೊಳಗೆ ಅಡಗಿದ್ದ ತಾರಾದೇವಿಯನ್ನು ಸೋಲಿಸಿದವರೆಂದು ಹೊಗಳುತ್ತದೆ. ಹಿಮಶೀತಲನ ಆಸ್ಥಾನದಲ್ಲಿ ಬೌದ್ಧರ ಪರವಾಗಿ ತೆರೆಯ ಹಿಂದಿನ ಮಡಕೆಯಿಂದ ದೇವಿಯೇ ವಾದಿಸುತ್ತಿದ್ದಳು, ಅಕಲಂಕರು ಅದನ್ನು ಪತ್ತೆಹಚ್ಚಿ ಮಡಕೆ ಒಡೆದರು ಎಂಬುದು ಐತಿಹ್ಯ.

ಶಿಷ್ಯರು ಗುರುವನ್ನು ಅರಿಯಲಿಲ್ಲ ಎಂದು ಇದನ್ನು ತಳ್ಳಿಹಾಕುವುದು ಸುಲಭ. ನನಗೆ ಅದು ಸರಿ ಕಾಣುವುದಿಲ್ಲ. ತರ್ಕಗ್ರಂಥ ಮತ್ತು ಪ್ರಶಸ್ತಿಶಾಸನ ಬೇರೆಬೇರೆ ಸಭೆಗಳಿಗಾಗಿ ಹುಟ್ಟಿದವು. ತರ್ಕಗ್ರಂಥ ಓದುವವನು ಪ್ರತಿವಾದಿ, ಅವನಿಗೆ ಪವಾಡ ಹೇಳಿ ಪ್ರಯೋಜನವಿಲ್ಲ, ಅವನ ಬಳಿಯೂ ಅಷ್ಟೇ ಪವಾಡಗಳಿವೆ. ಶಾಸನದ ಮುಂದೆ ನಿಲ್ಲುವವರು ಅರಸರು, ಸೆಟ್ಟಿಗಳು, ಯಾತ್ರಿಕರು. ಅವರಿಗೆ ಬೇಕಾದದ್ದು ಗುರುಪರಂಪರೆಯ ಹಿರಿಮೆ. ಇಲ್ಲಿ ಪವಾಡಕ್ಕೆ ಸಾಕ್ಷ್ಯದ ಕೆಲಸವಿಲ್ಲ, ಗೌರವ ಸಲ್ಲಿಸುವ ಕೆಲಸವಿದೆ.

ಪವಾಡ ಸಾಕ್ಷ್ಯವಾಗಿಯೇ ಬಳಕೆಯಾದ ಪ್ರಸಂಗವನ್ನು ನೋಡಬೇಕಾದರೆ ಹಾವೇರಿ ಜಿಲ್ಲೆಯ ಅಬ್ಬಲೂರಿಗೆ ಹೋಗಬೇಕು. ಅಲ್ಲಿನ ಸೋಮೇಶ್ವರ ದೇವಾಲಯದಲ್ಲಿ ಸುಮಾರು 1200ರ ಕನ್ನಡ ಶಾಸನವಿದೆ. ಜೆ.ಎಫ್. ಫ್ಲೀಟ್ ಅದನ್ನು 'ಎಪಿಗ್ರಾಫಿಯಾ ಇಂಡಿಕಾ'ದ ಐದನೆಯ ಸಂಪುಟದಲ್ಲಿ ಪ್ರಕಟಿಸಿದರು. ಆಳಂದದಲ್ಲಿ ಹುಟ್ಟಿದ ಏಕಾಂತದ ರಾಮಯ್ಯ ಪುಲಿಗೆರೆಯ ಸೋಮನಾಥನ ಅಪ್ಪಣೆಯಂತೆ ಅಬ್ಬಲೂರಿಗೆ ಬಂದು ನೆಲೆಸುತ್ತಾನೆ. ಸಂಕಗಾವುಂಡನ ಮುಂದಾಳತ್ವದ ಜೈನರೊಂದಿಗೆ ದೇವರ ಹಿರಿಮೆಯ ಬಗ್ಗೆ ಜಗಳ ಏಳುತ್ತದೆ. ತಲೆ ಕತ್ತರಿಸಿ ಶಿವನಿಗೆ ಅರ್ಪಿಸಿ ಮತ್ತೆ ಪಡೆದರೆ ನಿನ್ನ ದೇವರೇ ದೇವರು ಎಂದು ಸವಾಲು. ಪಡೆದರೆ ನೀವೇನು ಕೊಡುತ್ತೀರಿ ಎಂದು ರಾಮಯ್ಯ ಕೇಳುತ್ತಾನೆ. ಜಿನಬಿಂಬವನ್ನು ಕಿತ್ತು ಶಿವನನ್ನು ಪ್ರತಿಷ್ಠಿಸುತ್ತೇವೆ ಎಂದು ಅವರು ಓಲೆ ಬರೆದುಕೊಡುತ್ತಾರೆ. ರಾಮಯ್ಯ ಶಿರಸ್ಸನ್ನು ಅರ್ಪಿಸುತ್ತಾನೆ, ಏಳು ದಿನಗಳ ಮೇಲೆ ಅದು ಗಾಯದ ಕಲೆಯೂ ಇಲ್ಲದೆ ಕೂಡಿಕೊಳ್ಳುತ್ತದೆ.

ಇದರ ಮುಂದಿನ ಭಾಗವೇ ಸಂಶೋಧಕನಿಗೆ ಹೆಚ್ಚು ಮುಖ್ಯ. ಪವಾಡವನ್ನು ಕಣ್ಣಾರೆ ಕಂಡ ಜೈನರು ಮತ ಬದಲಿಸುವುದಿಲ್ಲ, ಕೊಟ್ಟ ಮಾತನ್ನೂ ನಡೆಸುವುದಿಲ್ಲ. ರಾಮಯ್ಯ ಬಸದಿಯನ್ನು ಕಾಯುತ್ತಿದ್ದವರನ್ನು ಚದುರಿಸಿ ಬಿಂಬವನ್ನು ಒಡೆಯುತ್ತಾನೆ. ಜೈನರು ಅರಸ ಬಿಜ್ಜಳನಿಗೆ ದೂರು ಕೊಡುತ್ತಾರೆ. ಬಿಜ್ಜಳನ ಮುಂದೆ ರಾಮಯ್ಯ ಇಡುವುದು ಆ ಓಲೆಯನ್ನು. ಬೇಕಿದ್ದರೆ ಮತ್ತೊಮ್ಮೆ ತಲೆ ಕೊಡುತ್ತೇನೆ, ಈ ಸಲ ದೊಡ್ಡ ಬಸದಿಗಳನ್ನೇ ಒಡ್ಡಿರಿ ಎನ್ನುತ್ತಾನೆ. ಜೈನರು ಹಿಂಜರಿಯುತ್ತಾರೆ, ಬಿಜ್ಜಳ ರಾಮಯ್ಯನಿಗೆ ಜಯಪತ್ರ ಕೊಡುತ್ತಾನೆ. ಮುಂದೆ ಚಾಲುಕ್ಯ ನಾಲ್ವಡಿ ಸೋಮೇಶ್ವರನೂ ಹಾನಗಲ್ಲಿನ ಕದಂಬ ಕಾಮದೇವನೂ ದೇವಾಲಯಕ್ಕೆ ಭೂಮಿ ಕೊಡುತ್ತಾರೆ.

ಧರ್ಮಶಾಸ್ತ್ರದ ವ್ಯವಹಾರಪ್ರಕರಣಗಳಲ್ಲಿ ಜಯಪತ್ರವೆಂದರೆ ಗೆದ್ದ ಕಕ್ಷಿಗೆ ಕೊಡುವ ತೀರ್ಪಿನ ಪತ್ರ. ಪವಾಡ ನಡೆದರೂ ವಿವಾದ ಮುಗಿಯಲಿಲ್ಲ, ಅದನ್ನು ಮುಗಿಸಿದ್ದು ಬರಹದಲ್ಲಿದ್ದ ಒಪ್ಪಂದ ಮತ್ತು ಅರಸನ ಮುದ್ರೆ. ಶಾಸನವನ್ನು ಮತ್ತೆ ಮತ್ತೆ ಓದಿದ ಮೇಲೆ ನನಗನ್ನಿಸುವುದು ಇಷ್ಟು: ಅಬ್ಬಲೂರಿನಲ್ಲಿ ಪವಾಡ ಶಿವನ ದೈವತ್ವವನ್ನು ಸಿದ್ಧಪಡಿಸಿದ್ದಕ್ಕಿಂತ ಹೆಚ್ಚಾಗಿ ಒಂದು ನಿವೇಶನದ ಮೇಲಿನ ಹಕ್ಕನ್ನು ಸಿದ್ಧಪಡಿಸಿತು. ಇದು ದಾನಶಾಸನ ಎಂಬುದನ್ನು ಮರೆಯುವಂತಿಲ್ಲ. ಭಗ್ನವಾದ ಬಸದಿಯವರ ಮಾತು ಇದರಲ್ಲಿ ಗೆದ್ದವರ ಬಾಯಿಂದಷ್ಟೇ ಕೇಳಿಸುತ್ತದೆ. ಪವಾಡವನ್ನು ಪ್ರಮಾಣವಾಗಿ ಒಪ್ಪಿದಾಗ ಸೋತ ಪಕ್ಷಕ್ಕೆ ಏನಾಗುತ್ತದೆ ಎಂಬುದಕ್ಕೆ ಇದು ನೋವಿನ ಉದಾಹರಣೆಯೂ ಹೌದು.

ಶೈವರೊಳಗೇ ಇದಕ್ಕೆ ಉತ್ತರವೂ ಹುಟ್ಟಿತು. ಹದಿನೈದನೆಯ ಶತಮಾನದಿಂದ ಹಲವು ಪರಿಷ್ಕರಣಗಳಲ್ಲಿ ಬೆಳೆದ 'ಶೂನ್ಯಸಂಪಾದನೆ'ಯಲ್ಲಿ ಅಲ್ಲಮಪ್ರಭು ಗೋರಕ್ಷನನ್ನು ಸಂಧಿಸುವ ಪ್ರಸಂಗ ಬರುತ್ತದೆ. ಕಾಯಸಿದ್ಧಿ ಪಡೆದ ಗೋರಕ್ಷನ ಮೈಗೆ ಕತ್ತಿ ಬೀಸಿದರೆ ಖಣಿಲೆಂದು ಸದ್ದಾಗುತ್ತದೆ, ಕೂದಲೂ ಕೊಂಕುವುದಿಲ್ಲ. ಅವನು ಅಲ್ಲಮನಿಗೆ ಬೀಸಿದರೆ ಕತ್ತಿ ಬಯಲಿನಲ್ಲಿ ಹಾದಂತೆ ಹಾದುಹೋಗುತ್ತದೆ. ಗಟ್ಟಿಯಾಗಿ ಉಳಿದ ದೇಹ ದೇಹಾಭಿಮಾನವೇ ಗಟ್ಟಿಗೊಂಡದ್ದಕ್ಕೆ ಗುರುತು ಎಂಬ ಅರಿವು ಗೋರಕ್ಷನಿಗೆ ಮೂಡುತ್ತದೆ. ಪವಾಡವನ್ನು ಅಲ್ಲಗಳೆಯಲು ಇಲ್ಲಿ ಇನ್ನೊಂದು ಪವಾಡವೇ ಬೇಕಾಯಿತಲ್ಲ ಎಂಬ ಆಕ್ಷೇಪವುಂಟು. ಆದರೆ ಕಥನ ತನ್ನ ಮಾಧ್ಯಮದಲ್ಲೇ ವಾದಿಸಬೇಕು. ಸಮಂತಭದ್ರರು ತರ್ಕದಲ್ಲಿ ಮಾಡಿದ್ದನ್ನು ಸಂಪಾದನಕಾರರು ಘಟನೆಯಲ್ಲಿ ಮಾಡಿದರು. ಅಸಾಮಾನ್ಯ ಶಕ್ತಿ ಅರಿವಿನ ಲಕ್ಷಣವಲ್ಲ ಎಂಬ ತೀರ್ಮಾನ ಎರಡೂ ಕಡೆ ಒಂದೇ.

ಕಲಬುರಗಿಯ ಖ್ವಾಜಾ ಬಂದೇನವಾಜರು ಸೇರಿದ ಚಿಶ್ತಿ ಪರಂಪರೆಯಲ್ಲೂ ಇದರ ಸಮೀಪದ ಮಾತು ಸಿಗುತ್ತದೆ. ಇಸ್ಲಾಮಿನ ಕಲಾಂ ಶಾಸ್ತ್ರ ಪ್ರವಾದಿಯ ಮುಅಜಿಜಾ ಮತ್ತು ಸಂತನ ಕರಾಮತ್ ಎರಡನ್ನೂ ಬೇರ್ಪಡಿಸುತ್ತದೆ. ಮೊದಲನೆಯದು ಪ್ರವಾದಿತ್ವಕ್ಕೆ ಸಾಕ್ಷಿ, ಎರಡನೆಯದು ಬಚ್ಚಿಡಬೇಕಾದದ್ದು. ಬಂದೇನವಾಜರ ಗುರುವಿನ ಗುರು ನಿಜಾಮುದ್ದೀನ್ ಔಲಿಯಾ ಅವರ ಸಂಭಾಷಣೆಗಳ ಸಂಗ್ರಹ 'ಫವಾಇದುಲ್ ಫುವಾದ್' ಪ್ರಕಾರ ಸಾಧನೆಯ ನೂರು ಮೆಟ್ಟಿಲುಗಳಲ್ಲಿ ಕರಾಮತ್ ಹದಿನೇಳನೆಯದು, ಅಲ್ಲೇ ನಿಂತವನಿಗೆ ಉಳಿದ ಎಂಬತ್ತಮೂರು ದಕ್ಕುವುದಿಲ್ಲ. ಯುರೋಪಿನ ಕಥೆ ಬೇರೆ ದಿಕ್ಕಿನದು. ಅಲ್ಲಿ ಡೇವಿಡ್ ಹ್ಯೂಮ್ 1748ರಲ್ಲಿ ಸಾಕ್ಷಿಗಳ ವಿಶ್ವಾಸಾರ್ಹತೆಯನ್ನೇ ತೂಗಿ ನೋಡಿದ. ಎದುರಾಳಿ ಮತಗಳ ಪವಾಡಗಳು ಪರಸ್ಪರ ರದ್ದಾಗುತ್ತವೆ ಎಂಬ ಅವನ ಒಂದು ವಾದ ಸಮಂತಭದ್ರರ ಮೂರನೆಯ ಕಾರಿಕೆಯ ಹತ್ತಿರಕ್ಕೆ ಬರುತ್ತದೆ. ಕ್ಯಾಥೊಲಿಕ್ ಚರ್ಚು 1870ರ ವ್ಯಾಟಿಕನ್ ಸಭೆಯಲ್ಲಿ ಪವಾಡಗಳಿಂದ ಕ್ರೈಸ್ತಧರ್ಮದ ದೈವಮೂಲ ಸಿದ್ಧವಾಗುತ್ತದೆಂದು ವಿಧಿಸಿತು. ಹೀಗಾಗಿ ಅಲ್ಲಿ ಇಡೀ ಹೋರಾಟ ಘಟನೆ ನಡೆಯಿತೋ ಇಲ್ಲವೋ ಎಂಬುದರ ಸುತ್ತ ಕಟ್ಟಿಕೊಂಡಿತು.

ಆಧುನಿಕ ಕರ್ನಾಟಕಕ್ಕೆ ಬಂದದ್ದು ಈ ರೂಪದ ಚರ್ಚೆ. ಕೇರಳ ಮೂಲದ ಅಬ್ರಹಾಂ ಕೋವೂರ್ 1963ರಲ್ಲಿ ಶ್ರೀಲಂಕಾದಿಂದ, ಮೋಸಕ್ಕೆ ಅವಕಾಶವಿಲ್ಲದ ಸ್ಥಿತಿಯಲ್ಲಿ ಪವಾಡ ತೋರಿಸಿದವರಿಗೆ ಒಂದು ಲಕ್ಷ ರೂಪಾಯಿ ಎಂಬ ಪಂಥಾಹ್ವಾನ ಕೊಟ್ಟಿದ್ದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯ 1976ರಲ್ಲಿ ಪವಾಡಗಳನ್ನೂ ಪರೀಕ್ಷಿಸಬಹುದಾದ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಸಮಿತಿ ರಚಿಸಿದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಿಂದ ಬಂದು, 1942ರಲ್ಲಿ ಜೈಲು ಸೇರಿ, ಅಮೆರಿಕದಲ್ಲಿ ಪರಮಾಣು ಭೌತಶಾಸ್ತ್ರದ ಡಾಕ್ಟರೇಟ್ ಪಡೆದರೂ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯಲ್ಲೇ ಬದುಕಿದ ಗಾಂಧಿವಾದಿ ಅವರು. ಪ್ರಶ್ನೆ ಕೇಳುವುದು ಅವರಿಗೆ ನೈತಿಕ ಕರ್ತವ್ಯವಾಗಿತ್ತು. ಅದೇ ವರ್ಷ ಸಂಸತ್ತು ಅಂಗೀಕರಿಸಿದ 42ನೆಯ ತಿದ್ದುಪಡಿ ವೈಜ್ಞಾನಿಕ ಮನೋಭಾವವನ್ನೂ ಜಿಜ್ಞಾಸೆಯನ್ನೂ ನಾಗರಿಕರ ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಿತು.

ಕುಲಪತಿಗಳು ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರಿಗೆ ಮೂರು ಪತ್ರ ಬರೆದು ಸಮಿತಿಯೆದುರು ಪವಾಡ ತೋರಿಸಲು ಕೋರಿದರು. ಉತ್ತರ ಬರಲಿಲ್ಲ. ಅಂಗೈಯಲ್ಲಿ, ತೋಳಿನಲ್ಲಿ ಅಡಗಿಸಲಾಗದ ಕುಂಬಳಕಾಯಿಯನ್ನು ಸೃಷ್ಟಿಸಿ ತೋರಿಸಲಿ ಎಂಬ ಅವರ ಮಾತು ನಾಡಿನಲ್ಲೆಲ್ಲ ಹಬ್ಬಿತು. ಇದು ಮೊದಲ ಪ್ರಶ್ನೆಯ ಅತ್ಯುತ್ತಮ ರೂಪ. ಇಂದ್ರಜಾಲದವನು ಮಾಡಲಾರದ್ದನ್ನು ಮಾಡಿದರೆ ಮಾತ್ರ ಇಂದ್ರಜಾಲವಲ್ಲವೆನ್ನಬಹುದು. ಬಾಬಾ ಅವರ ನಿಲುವು ಭಾಷಣ, ಸಂದರ್ಶನಗಳಲ್ಲಿ ವ್ಯಕ್ತವಾಯಿತು. ಭೌತಿಕ ವಿಜ್ಞಾನದ ಅಳತೆ ಅಧ್ಯಾತ್ಮಕ್ಕೆ ಒದಗದು ಎಂಬುದು ಒಂದು. ಸೃಷ್ಟಿಸಿ ಕೊಡುವ ವಸ್ತುಗಳು ತಮ್ಮ ವಿಸಿಟಿಂಗ್ ಕಾರ್ಡ್‌ಗಳಷ್ಟೇ ಎಂಬುದು ಇನ್ನೊಂದು. ಈ ಎರಡನೆಯ ಮಾತನ್ನು ಅಂದಿನ ವಿವಾದದಲ್ಲಿ ಯಾರೂ ಗಂಭೀರವಾಗಿ ಹಿಡಿದು ವಿಚಾರಿಸಲಿಲ್ಲವೆಂಬ ಕೊರಗು ನನ್ನದು. ಗುರುತುಚೀಟಿ ಕೊಟ್ಟವನ ಗುರುತನ್ನು ಆ ಚೀಟಿಯಿಂದಲೇ ಸಿದ್ಧಪಡಿಸಬಹುದೇ ಎಂದು ಅಕಲಂಕರಿದ್ದರೆ ಕೇಳುತ್ತಿದ್ದರು. ವಸ್ತು ಶೂನ್ಯದಿಂದ ಬಂತೆಂದು ಸಮಿತಿ ಒಪ್ಪಿದ್ದರೂ, ಅದನ್ನು ಕೊಟ್ಟ ಕೈ ದೇವರದೆಂದು ಹೇಳಲು ಬೇರೆ ಆಧಾರ ಬೇಕಾಗುತ್ತಿತ್ತು.

ಸಮಿತಿ ಪರೀಕ್ಷಿಸಲು ಸಾಧ್ಯವಾದದ್ದು ಮಂಡ್ಯ ಜಿಲ್ಲೆಯ ಪಾಂಡವಪುರದಲ್ಲಿ ವಿಭೂತಿ ಸೃಷ್ಟಿಸುತ್ತಾನೆಂದು ಹೆಸರಾಗಿದ್ದ ಏಳು ವರ್ಷದ ಬಾಲಕನೊಬ್ಬನನ್ನು. ವಿಭೂತಿ ಬಟ್ಟೆಯಲ್ಲಿ ಅಡಗಿಸಿದ್ದ ಪೊಟ್ಟಣದಿಂದ ಬರುತ್ತಿದ್ದುದು ಬಯಲಾಯಿತು. ತನಿಖೆ ನ್ಯಾಯವಾದದ್ದೇ, ಮಗುವನ್ನು ಮುಂದಿಟ್ಟುಕೊಂಡು ನಡೆಯುತ್ತಿದ್ದ ವ್ಯವಹಾರ ನಿಲ್ಲಲೇಬೇಕಿತ್ತು. ಆದರೆ ಪರೀಕ್ಷೆಗೆ ಯಾರು ಒಳಗಾಗುತ್ತಾರೆ, ಯಾರು ಒಳಗಾಗುವುದಿಲ್ಲ ಎಂಬುದನ್ನು ಅಬ್ಬಲೂರಿನಂತೆ ಇಲ್ಲಿಯೂ ಅಧಿಕಾರವೇ ನಿರ್ಧರಿಸಿತು. ವಿಚಾರವಾದಿ ಬಸವ ಪ್ರೇಮಾನಂದ 1986ರಲ್ಲಿ ಚಿನ್ನ ನಿಯಂತ್ರಣ ಕಾಯ್ದೆಯಡಿ ಆಂಧ್ರದ ಹೈಕೋರ್ಟಿಗೆ ಹೋಗಿ, ಬಾಬಾ ಅವರ ಪವಾಡದಿಂದ ಬಂದ ಚಿನ್ನಕ್ಕೆ ಲೆಕ್ಕ ಕೇಳಿದಾಗಲೂ ಅರ್ಜಿ ವಜಾ ಆಯಿತು.

ನಂಬಿಕೆಯ ಪರವಾಗಿ ಹೇಳಲೇಬೇಕಾದ ಒಂದು ಮಾತಿದೆ. ಮಂಟೇಸ್ವಾಮಿ ಕಾವ್ಯವನ್ನು ಹಾಡುವ ನೀಲಗಾರರಿಗೆ ಪವಾಡ ಯಾವ ತತ್ವದ ಪ್ರಮಾಣವೂ ಅಲ್ಲ. ಕೊಳಕು ಮೈಯ ಮಂಟೇಸ್ವಾಮಿಯನ್ನು ಕಲ್ಯಾಣದ ಬಾಗಿಲಲ್ಲೇ ತಡೆದಾಗ ಅವನು ತೋರುವ ಮಹಿಮೆ, ಒಳಗೆ ಬಿಡದವರ ಮೇಲಿನ ನ್ಯಾಯತೀರ್ಮಾನ. ಕುಂಬಳಕಾಯಿಯ ಪರೀಕ್ಷೆಯಾಗಲಿ ಆಪ್ತಮೀಮಾಂಸೆಯ ಪರೀಕ್ಷೆಯಾಗಲಿ ಆ ಕಥೆಯನ್ನು ಮುಟ್ಟುವುದಿಲ್ಲ, ಏಕೆಂದರೆ ಹಾಡುವವರು ಯಾರನ್ನೂ ಒಪ್ಪಿಸಲು ಹೊರಟಿಲ್ಲ, ಯಾರ ಬಸದಿಯನ್ನೂ ಒತ್ತೆಗೆ ಕೇಳುತ್ತಿಲ್ಲ. ವಿಚಾರವಾದಿಗಳು ಈ ಎರಡು ಬಗೆಯ ಪವಾಡಗಳನ್ನು ಒಂದೇ ಕಟ್ಟಿಗೆ ಹಾಕಿದಾಗ ಅವರ ವಾದ ದುರ್ಬಲವಾಗುತ್ತದೆ. ನರಸಿಂಹಯ್ಯನವರು ಸಮಿತಿಯ ಹೆಸರಿನಲ್ಲೇ ಪರೀಕ್ಷಿಸಬಹುದಾದವು ಎಂಬ ಮಿತಿಯನ್ನು ಹಾಕಿಕೊಂಡಿದ್ದು ಈ ದೃಷ್ಟಿಯಿಂದ ವಿವೇಕದ ಕೆಲಸ. 1977ರಲ್ಲಿ ಅವರ ಅವಧಿ ಮುಗಿಯುವುದರೊಂದಿಗೆ ಸಮಿತಿಯೂ ಕೊನೆಗೊಂಡಿತು. ಸಮಂತಭದ್ರರ ಪ್ರಶ್ನೆಯನ್ನು ಕನ್ನಡದ ಸಾರ್ವಜನಿಕ ಚರ್ಚೆಗೆ ಮರಳಿ ತರುವ ಕೆಲಸ ಅದರ ಪಾಲಿಗೆ ಬರಲೇ ಇಲ್ಲ.