ಕರಾರಿನ ಋಣ, ಕರಾರಿಲ್ಲದ ಋಣ

ಸವದತ್ತಿ ಎಂದೊಡನೆ ನಮಗೆ ಎಲ್ಲಮ್ಮನ ಗುಡ್ಡ ನೆನಪಾಗುತ್ತದೆ, ಇಲ್ಲವೇ ಮಲಪ್ರಭೆಗೆ ಕಟ್ಟಿದ ನವಿಲುತೀರ್ಥದ ಅಣೆಕಟ್ಟು. ಅದೇ ತಾಲೂಕಿನ ಶಿರಸಂಗಿಯ ಹೆಸರು ಉತ್ತರ ಕರ್ನಾಟಕದ ಶಿಕ್ಷಣದ ಇತಿಹಾಸದಲ್ಲಿ ಎಷ್ಟು ದೊಡ್ಡದೆಂಬುದನ್ನು ನಾವು ಮರೆತೇ ಬಿಟ್ಟಿದ್ದೇವೆ.

ಮುಂಬಯಿ ಸರಕಾರದ ಕಾಲದಲ್ಲಿ ಇದು ಪರಸಗಡ ತಾಲೂಕು. ಮರಾಠಿ ಶಾಲೆಗಳೇ ಹೆಚ್ಚಿದ್ದ ಆ ದಿನಗಳಲ್ಲಿ ಕನ್ನಡ ಶಾಲೆ ತೆರೆಯಬೇಕೆಂದರೆ ಮೊದಲು ಮಾಸ್ತರರು ಬೇಕಾಗಿದ್ದರು. 1854ರ ವುಡ್ ವರದಿ ಇದಕ್ಕೊಂದು ದಾರಿ ಹೇಳಿತ್ತು: ಮಾಸ್ತರಿಕೆಗೆ ಬರುವವರಿಗೆ ವಿದ್ಯಾರ್ಥಿವೇತನ ಕೊಟ್ಟು ನಾರ್ಮಲ್ ಸ್ಕೂಲಿನಲ್ಲಿ ತರಬೇತಿ ಕೊಡಿ, ಆಮೇಲೆ ಶಾಲೆಗೆ ನೇಮಿಸಿ. ಇಂಗ್ಲೆಂಡಿನಲ್ಲಿ 1846ರಿಂದಲೇ ಇಂಥ ಏರ್ಪಾಡಿತ್ತು. ಫ್ರಾನ್ಸಿನಲ್ಲಂತೂ ಹತ್ತು ವರ್ಷ ಪಾಠ ಹೇಳುತ್ತೇನೆಂದು ಬರೆದುಕೊಟ್ಟವನಿಗೆ ಸೈನ್ಯದ ಚಾಕರಿಯಿಂದಲೇ ವಿನಾಯಿತಿ! ನಮ್ಮ ಕಡೆ ಧಾರವಾಡದ ನಾರ್ಮಲ್ ಸ್ಕೂಲು ಆ ಕೆಲಸ ಮಾಡಿತು. ಅದರ ಮುಖ್ಯಸ್ಥರಾಗಿದ್ದ ಡೆಪ್ಯುಟಿ ಚನ್ನಬಸಪ್ಪನವರು ಮುಂದೆ ಶಾಲಾ ತನಿಖಾಧಿಕಾರಿಯಾಗಿ ಕನ್ನಡ ಶಾಲೆಗಳಿಗಾಗಿ ಹೋರಾಡಿ 1881ರಲ್ಲಿ ತೀರಿಕೊಂಡರು. ಮುಲ್ಕಿ ಪಾಸಾದ ಬಡ ರೈತನ ಮಗನಿಗೆ ತರಬೇತಿಯ ವೇತನವೇ ಅನ್ನವಾಗಿತ್ತು, ಸಾಲಿ ಮಾಸ್ತರಿಕೆಯೇ ಆ ಋಣದ ತೀರುವಳಿ.

ಮುಸ್ಲಿಮರ ಮಾತೇನು? 1882ರ ಹಂಟರ್ ಆಯೋಗ ಮುಸ್ಲಿಮರಿಗೆ ವಿಶೇಷ ವಿದ್ಯಾರ್ಥಿವೇತನವನ್ನೂ, ಅಗತ್ಯವಿದ್ದಲ್ಲಿ ಮುಸ್ಲಿಮ್ ಶಿಕ್ಷಕರ ತರಬೇತಿಗೆ ನಾರ್ಮಲ್ ಶಾಲೆಗಳನ್ನೂ ಶಿಫಾರಸು ಮಾಡಿತು. 'ಅಗತ್ಯವಿದ್ದಲ್ಲಿ' ಎಂಬ ಆ ಒಂದು ಮಾತು ಅಧಿಕಾರಿಗಳ ಕೈಯಲ್ಲಿ ಎಷ್ಟು ಹಿಗ್ಗಬಲ್ಲದು, ಎಷ್ಟು ಕುಗ್ಗಬಲ್ಲದು ಎಂಬುದನ್ನು ಓದುಗರಿಗೆ ಹೇಳಬೇಕಾಗಿಲ್ಲ.

ಸರಕಾರವನ್ನು ಕಾಯದೆ ಕೆಲವರು ತಾವೇ ಮುಂದಾದರು. 1883ರಲ್ಲಿ ಧಾರವಾಡದಲ್ಲಿ ಅರಟಾಳ ರುದ್ರಗೌಡರು ಮತ್ತು ಗಿಲಗಂಚಿ ಗುರುಸಿದ್ಧಪ್ಪನವರು ಲಿಂಗಾಯತ ವಿದ್ಯಾರ್ಥಿಗಳಿಗಾಗಿ ನಿಧಿ ಕೂಡಿಸಿದರು. ಧಾರವಾಡಕ್ಕೆ ಕರ್ನಾಟಕ ಕಾಲೇಜು ಬಂದದ್ದು 1917ರಲ್ಲಿ. ಅದಕ್ಕೂ ಮೊದಲು ಪದವಿ ಬೇಕೆಂದವರು ಪುಣೆ, ಮುಂಬಯಿಗೇ ಹೋಗಬೇಕು, ಅದಕ್ಕೆ ಹಣ ಬೇಕು. ಶಿರಸಂಗಿಯ ದೇಸಾಯಿ ಲಿಂಗರಾಜರು 1906ರಲ್ಲಿ ತೀರಿಕೊಳ್ಳುವಾಗ ಮೃತ್ಯುಪತ್ರ ಬರೆದು ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆ ಬಿಟ್ಟರು. ದತ್ತಕವಾಗಿ ಬಂದ ಮನೆತನದ ಆಸ್ತಿಯನ್ನು ಹೀಗೆ ಪರರ ಮಕ್ಕಳಿಗೆ ಕೊಡುವುದು ಸಣ್ಣ ಧೈರ್ಯವಲ್ಲ. ಈ ದಾನ ಒಂದು ಸಮಾಜಕ್ಕೆ ಸೀಮಿತವಾಗಿತ್ತು ಎಂದು ಆಕ್ಷೇಪಿಸಬಹುದು. ಆದರೆ ಆ ಕಾಲದಲ್ಲಿ ಪ್ರತಿ ಸಮಾಜವೂ ತನ್ನ ಮನೆಯ ದೀಪವನ್ನೇ ಮೊದಲು ಹಚ್ಚಿಕೊಳ್ಳುತ್ತಿತ್ತು, ನಮ್ಮ ಅಂಜುಮನ್‌ಗಳೂ ಹಾಗೆಯೇ.

ಇಲ್ಲಿ ನಾವು ಗಮನಿಸಬೇಕಾದದ್ದು ಋಣ ತೀರಿಸಿದ ಬಗೆಯನ್ನು. 1916ರ ನವೆಂಬರ್ 13ರಂದು ಏಳು ಮಂದಿ ತರುಣರು ಬೆಳಗಾವಿಯಲ್ಲಿ ಶಾಲೆಯೊಂದನ್ನು ತೆರೆದರು. ಶಿ.ಶಿ. ಬಸವನಾಳ, ಎಂ.ಆರ್. ಸಾಖರೆ, ಬಿ.ಬಿ. ಮಮದಾಪುರ ಅವರಲ್ಲಿದ್ದರು. ಪದವಿ ಪಡೆದವನಿಗೆ ಸರಕಾರಿ ನೌಕರಿ ತಾನಾಗಿ ಸಿಗುತ್ತಿದ್ದ ಕಾಲವದು. ಅದನ್ನು ಬಿಟ್ಟು ಇವರು ಮಾಸ್ತರರಾದರು. ಪುಣೆಯ ಡೆಕ್ಕನ್ ಎಜುಕೇಶನ್ ಸೊಸೈಟಿಯಲ್ಲಿ ಗೋಖಲೆಯವರಂಥವರು ಆಜೀವ ಸದಸ್ಯರಾಗಿ ಇಪ್ಪತ್ತು ವರ್ಷ ಅಲ್ಪ ಸಂಬಳಕ್ಕೆ ದುಡಿದ ಮಾದರಿ ಅವರ ಕಣ್ಣ ಮುಂದಿತ್ತು. ಯಾವ ಕಚೇರಿಯೂ ಇವರಿಂದ ಕರಾರು ಬರೆಸಿಕೊಂಡಿರಲಿಲ್ಲ. ಆದರೂ ಆ ಶಾಲೆ ಮುಂದೆ ಪಡೆದದ್ದು ಗಿಲಗಂಚಿ-ಅರಟಾಳರ ಹೆಸರನ್ನೇ. ಅದರಿಂದ ಬೆಳೆದದ್ದೇ ಇಂದಿನ ಕೆ.ಎಲ್.ಇ. ಸಂಸ್ಥೆ.

ಶಿರಸಂಗಿಯ ಋಣವನ್ನೂ ಅವರು ಮರೆಯಲಿಲ್ಲ. 1933ರಲ್ಲಿ ಬೆಳಗಾವಿಯಲ್ಲಿ ತೆರೆದ ತಮ್ಮ ಮೊದಲ ಕಾಲೇಜಿಗೆ ಲಿಂಗರಾಜರ ಹೆಸರಿಟ್ಟರು.