ಶಾಸ್ತ್ರ

ಸಂಸ್ಕೃತದ ‘ಶಾಸ್’ ಧಾತುವಿಗೆ ವಿಧಿಸು, ಕಲಿಸು ಎಂಬ ಅರ್ಥ. ಅದರಿಂದ ಬಂದ ‘ಶಾಸ್ತ್ರ’ ಮೂಲದಲ್ಲಿ ನಿಯಮ ಹೇಳುವ ಗ್ರಂಥ, ವಿದ್ಯೆ. ಭೌತಶಾಸ್ತ್ರ, ಅರ್ಥಶಾಸ್ತ್ರಗಳಲ್ಲಿ ಆ ಅರ್ಥ ಹಾಗೇ ಇದೆ. ಕನ್ನಡದ ಮದುವೆಮನೆಗೆ ಬಂದರೆ ಮಾತೇ ಬೇರೆ. ಚಪ್ಪರದ ಶಾಸ್ತ್ರ, ಬಳೆ ಶಾಸ್ತ್ರ, ಅರಿಶಿನದ ಶಾಸ್ತ್ರ – ಇಲ್ಲೆಲ್ಲ ಶಾಸ್ತ್ರವೆಂದರೆ ಸಂಪ್ರದಾಯದ ಆಚರಣೆ. ಒನಕೆಗೆ ಅರಿಶಿನದ ಕೊಂಬು ಕಟ್ಟಿ ಮುತ್ತೈದೆಯರು ಒರಳಿಗೆ ನಾಲ್ಕು ಪೆಟ್ಟು ಹಾಕುವುದಕ್ಕೆ ಪುರೋಹಿತರು ಬೇಕಿಲ್ಲ. ಮನೆಯ ಹಿರಿಯಜ್ಜಿ ಹೇಳಿದ್ದೇ ವಿಧಿ. ಯಾವ ಗ್ರಂಥದಲ್ಲೂ ಇಲ್ಲದ್ದಕ್ಕೆ ಶಾಸ್ತ್ರದ ಪಟ್ಟ ಕಟ್ಟಿದ್ದು ಹೆಂಗಸರ ಜಾಣತನವೇ ಸರಿ!

ಅರ್ಥ ಇನ್ನಷ್ಟು ಸವೆದು ‘ನೆಪಮಾತ್ರಕ್ಕೆ’ ಎಂದೂ ಆಗಿದೆ. ಹೊಟ್ಟೆ ತುಂಬಿದೆ ಎಂದರೂ ಬೀಗರು ಬಿಡುವುದಿಲ್ಲ: “ಶಾಸ್ತ್ರಕ್ಕಾದ್ರೂ ಒಂದು ಹೋಳಿಗೆ ಹಾಕಿಸ್ಕೊಳ್ಳಿ.” ಇನ್ನೊಂದು ಅರ್ಥವೂ ಉಂಟು: ಕಣಿ ಹೇಳುವುದೂ ಶಾಸ್ತ್ರವೇ. ಆಡುವುದೊಂದು ಮಾಡುವುದೊಂದು ಆದವರಿಗೆ ‘ಹೇಳೋದು ಶಾಸ್ತ್ರ, ಹಾಕೋದು ಗಾಳ’ ಎಂಬ ಗಾದೆ ಮೀಸಲು.